ಉಜ್ಜಬೇಡಿ ಮಾರಾಯ್ರೆ

ಹಳೆಯ ವಾಚು ನೋಡಲು ಯಾರದಾದರೂ ಮನೆಗೆ ಹೋಗುವುದಿದ್ದರೆ, ಹೋಗುವ ಮೊದಲು ಫೋನು ಮಾಡಬೇಡಿ. ಈ ಕೆಲಸಕ್ಕೆ ಹೊಸದಾಗಿ ಕೈ ಹಾಕಿರುವ ಹುಡುಗರೂ ಹುಡುಗಿಯರೂ ಈಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಮಸೂರ ಒಳ್ಳೆಯದು, ಯಾವ ಎಣ್ಣೆ ಒಳ್ಳೆಯದು ಎಂದು ಕೇಳುತ್ತಾರೆ. ಅದೆಲ್ಲ ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಸಿಗದ ಮಾತು ಇದು: ಹೇಳದೆ ಹೋಗಿ. ಮನೆಯವರು ಬೈದರೆ ಬೈಸಿಕೊಳ್ಳಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಿ. ಹಿಂದಿನ ದಿನವೇ ತಿಳಿಸಿದಿರೋ, ಕೆಟ್ಟಿರಿ. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಪುತ್ತೂರು ಪೇಟೆಯಲ್ಲಿ ವಾಚು ರಿಪೇರಿ ಮಾಡಿಕೊಂಡು ಬದುಕಿದವನು. ಕಣ್ಣು ಸಹಕರಿಸುವುದಿಲ್ಲ ಎಂದ ಮೇಲೆ ಅಂಗಡಿಯ ಬೀಗದ ಕೈಯನ್ನು ಕಟ್ಟಡದ ಯಜಮಾನರಿಗೆ ಕೊಟ್ಟು ಮನೆಗೆ ಬಂದೆ. ರಿಪೇರಿಯ ಜೊತೆಗೆ ನನಗೊಂದು ಹುಚ್ಚಿತ್ತು, ಈಗಲೂ ಇದೆ. ಮುಳುಗುಗಾರರ ವಾಚುಗಳನ್ನು ಹುಡುಕಿ ತರುವುದು. ನೀರಿನಡಿಯಲ್ಲಿ ಕೆಲಸ ಮಾಡುವವರಿಗೆಂದೇ ತಯಾರಾದ ವಾಚುಗಳಿವು. ದಪ್ಪ ಉಕ್ಕಿನ ಮೈ, ತಿರುಪು ಹಾಕಿ ಬಿಗಿಯುವ ಬೆನ್ನು, ಗಾಜಿನ ಸುತ್ತ ನಿಮಿಷಗಳ ಅಂಕಿ ಬರೆದ ತಿರುಗುವ ಬಳೆ, ಕತ್ತಲಲ್ಲಿ ಮಿನುಗುವ ರೇಡಿಯಂ ಚುಕ್ಕಿಗಳು. ಪುತ್ತೂರು, ಸುಳ್ಯ, ಕಡಬಗಳಲ್ಲಿ ಸಮುದ್ರ ಎಲ್ಲಿದೆ ಎಂದು ಕೇಳಬೇಡಿ. ಗಲ್ಫ್ ಇದೆಯಲ್ಲ! ಹಿಂದೆ ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಅತ್ತರು, ಟಾರ್ಚು, ಕಂಬಳಿಯ ಜೊತೆ ಇವನ್ನೂ ತಂದರು. ನಮ್ಮವರು ಅದಕ್ಕೆ ‘ನೀರಿನ ವಾಚ್’ ಎಂದು ಹೆಸರಿಟ್ಟು, ಕಟ್ಟಿಕೊಂಡೇ ಬಾವಿಗಿಳಿದರು, ಗದ್ದೆ ಉತ್ತರು, ಹೊಳೆಯಲ್ಲಿ ಮರಳು ತೆಗೆದರು. ಹಾಗೆ ದುಡಿದ ವಾಚು, ಕಂಪೆನಿಯಿಂದ ಬಂದ ಮೂಲ ಬಣ್ಣ, ಮೂಲ ಮುಳ್ಳು, ಮೂಲ ಗಾಜಿನೊಂದಿಗೆ, ಯಾರೂ ಹೊಸತು ಮಾಡಲು ಹೋಗದೆ ಉಳಿದಿದ್ದರೆ ಅದು ನನಗೆ ಬೇಕು. ಒಂದೇ ಒಂದು ಮುಳ್ಳು ಬದಲಾಗಿದ್ದರೂ ಬೇಡ.

ಕಾಣಿಯೂರಿನ ಲಲಿತಕ್ಕನ ಮನೆಯಲ್ಲಿ ಅಂಥದ್ದೊಂದು ಇದೆ ಎಂದು ಸುದ್ದಿ ಸಿಕ್ಕಿದಾಗ ನಾನು ಈ ವಿದ್ಯೆಯಲ್ಲಿ ಇನ್ನೂ ಎಳಸು. ಫೋನು ಮಾಡಿದೆ. “ಬನ್ನಿ ಅಣ್ಣ, ನಾಳೆ ಊಟಕ್ಕೇ ಬನ್ನಿ” ಎಂದರು. ಹೋದೆ. ಜಗಲಿಯಲ್ಲಿ ಕುಳ್ಳಿರಿಸಿ ಬೆಲ್ಲ ನೀರು ಕೊಟ್ಟರು. ಆಮೇಲೆ ಒಂದು ಸ್ಟೀಲಿನ ತಟ್ಟೆಯಲ್ಲಿ ವಾಚು ತಂದಿಟ್ಟರು. ಬಿಸಿಲು ಅದರ ಮೇಲೆ ಬಿದ್ದು ನನ್ನ ಕಣ್ಣಿಗೇ ಹೊಡೆಯಿತು.

“ನಿಮಗೆ ಕೊಡುದಂತ ನಿನ್ನೆಯೇ ಹುಣಸೆಹುಳಿ, ಬೂದಿ ಹಾಕಿ ತೆಂಗಿನ ನಾರಲ್ಲಿ ತಿಕ್ಕಿದೆ ಅಣ್ಣ. ಎಷ್ಟು ಕೊಳೆ ಇತ್ತು ಗೊತ್ತುಂಟಾ? ಈ ಬಳೆಯಲ್ಲಿ ಎಂತೆಂತದೋ ಗೆರೆ, ನಂಬ್ರ ಎಲ್ಲ ಉಂಟಿತ್ತು. ಅದೂ ಹೋಯ್ತು!”

“ಹೋಯ್ತಾ ಅಕ್ಕ?”

“ಪೂರಾ ಹೋಯ್ತು!” ಎಂದು ಲಲಿತಕ್ಕ ಹಿರಿಹಿರಿ ಹಿಗ್ಗಿದರು.

ನಮ್ಮ ಕಡೆ ಮನೆಯಿಂದ ಒಂದು ವಸ್ತು ಹೊರಗೆ ಹೋಗುವುದಿದ್ದರೆ ಅದು ಕೊಳಕಾಗಿ ಹೋಗಬಾರದು. ಪಕ್ಕದ ಮನೆಯ ಉರುಳಿ ಪಾತ್ರೆ ತಂದರೆ ತಂದದ್ದಕ್ಕಿಂತ ಬೆಳ್ಳಗೆ ಮಾಡಿ ಹಿಂತಿರುಗಿಸಬೇಕು. ಇಲ್ಲದಿದ್ದರೆ ಆ ಮನೆಯ ಹೆಂಗಸಿಗೆ ಹೆಸರು ಬರುತ್ತದೆ, ಒಳ್ಳೆಯ ಹೆಸರಲ್ಲ. ಲಲಿತಕ್ಕ ತನ್ನ ಮರ್ಯಾದೆಯನ್ನೂ ನನ್ನ ಮರ್ಯಾದೆಯನ್ನೂ ಕಾಪಾಡಿದ್ದರು. ವಾಚು ಮಾತ್ರ ಹೋಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಊಟದ ತುತ್ತು ಚೆನ್ನಾಗಿಯೇ ಬಂತು, ಪತ್ರೊಡೆ ಮಾಡಿದ್ದರು.

ಹೀಗೆ ಎಷ್ಟೋ ಮನೆಗಳಲ್ಲಿ ಆಯಿತು. ಒಬ್ಬರು ಸೀಮೆಎಣ್ಣೆಯಲ್ಲಿ ಅದ್ದಿಟ್ಟಿದ್ದರು. ಇನ್ನೊಬ್ಬರು ಮಾಸಿದ ಮುಳ್ಳಿಗೆ ಉಗುರಿನ ಬಣ್ಣ ಬಳಿದಿದ್ದರು. ಎಲ್ಲವೂ ಪ್ರೀತಿಯಿಂದ. ದ್ವೇಷದಿಂದ ಹಾಳು ಮಾಡುವವರನ್ನು ತಡೆಯಬಹುದು, ಪ್ರೀತಿಯಿಂದ ಹಾಳು ಮಾಡುವವರನ್ನು ತಡೆಯುವುದು ಹೇಗೆ? ಹೇಳದೆ ಹೋಗುವುದೊಂದೇ ದಾರಿ.

ನಗಬೇಡಿ, ನಾನು ಕಲಿತ ಅಂಗಡಿಯಲ್ಲೂ ಇದೇ ಧರ್ಮ. ನನ್ನ ಗುರುಗಳು ಕಾಮತ್ ಮಾಮ್, ಅವರ ನಂತರ ಅದೇ ಅಂಗಡಿಯನ್ನು ನಾನು ನಡೆಸಿದೆ. ಅವರ ಮೇಜಿನ ಬದಿಯಲ್ಲಿ ಒಂದು ಮೋಟಾರು, ಅದಕ್ಕೆ ಬಟ್ಟೆಯ ಪಾಲಿಶ್ ಚಕ್ರ. ರಿಪೇರಿಗೆ ಬಂದ ಯಾವ ವಾಚೂ ಆ ಚಕ್ರ ಕಾಣದೆ ಹೊರಗೆ ಹೋಗುತ್ತಿರಲಿಲ್ಲ. ಅದಕ್ಕೆ ಬೇರೆ ಮಜೂರಿ ಇಲ್ಲ, ಅಂಗಡಿಯ ಉಡುಗೊರೆ. “ಒಳಗೆ ನಾವು ಎಂತ ಮಾಡಿದ್ದು ಅಂತ ಗಿರಾಕಿಗೆ ಕಾಣ್ತದಾ ರೈ? ಹೊರಗೆ ಕಾಣ್ಬೇಕು” ಎನ್ನುತ್ತಿದ್ದರು. ಅವರು ಹೇಳಿದಂತೆ ನಾನೂ ತಿಕ್ಕಿದ್ದೇನೆ, ಬೇಕಾದಷ್ಟು. ಅದಕ್ಕೆ ಈಗ ಕಣ್ಣೀರು ಹಾಕುವುದಿಲ್ಲ. ಆ ಕಾಲದ ಒಳ್ಳೆಯ ಕೆಲಸ ಅದು.

ಒಮ್ಮೆ ಮುಂಬಯಿಯ ಒಬ್ಬರು ಸುಬ್ರಹ್ಮಣ್ಯಕ್ಕೆಂದು ರೈಲಿನಲ್ಲಿ ಬಂದು ಪುತ್ತೂರಿನಲ್ಲಿ ಇಳಿಯುವಷ್ಟರಲ್ಲಿ ಅವರ ವಾಚು ನಿಂತಿತ್ತು. ಯಾರೋ ನಮ್ಮ ಅಂಗಡಿ ತೋರಿಸಿದರು. ನೀರಿನ ವಾಚು, ಅವರ ತಂದೆಯದು. ತಂದೆ ಮುಂಬಯಿ ಬಂದರಿನಲ್ಲಿ ಹಡಗುಗಳ ಅಡಿಗೆ ಮುಳುಗಿ ಕೆಲಸ ಮಾಡುತ್ತಿದ್ದವರಂತೆ. “ಒಳಗೆ ಬೇಕಾದ್ದು ಮಾಡಿ, ಹೊರಗೆ ಬಟ್ಟೆಯನ್ನೂ ತಾಗಿಸಬೇಡಿ” ಎಂದು ಹಿಂದಿಯಲ್ಲಿ ಹೇಳಿ ದೇವಸ್ಥಾನಕ್ಕೆ ಹೋದರು. ಒಳಗಿನ ಕೆಲಸ ನಾನು ಮುಗಿಸಿದೆ. ಅವರು ವಾಪಸು ಬರುವ ದಿನ ನಾನು ಚಹಾಕ್ಕೆ ಹೋಗಿದ್ದಾಗ ಕಾಮತ್ ಮಾಮ್‌ಗೆ ತಡೆಯಲಾಗಲಿಲ್ಲ. ದೂರದಿಂದ ಬಂದ ಯಾತ್ರಿಕ, ಪಾಪ, ಖರ್ಚಿಗೆ ಹೆದರಿ ಬೇಡ ಎಂದಿರಬೇಕು ಎಂದುಕೊಂಡು ಧರ್ಮಕ್ಕೆ ಚಕ್ರಕ್ಕೆ ಹಿಡಿದರು.

ಆ ಮನುಷ್ಯ ವಾಚನ್ನು ಕೈಯಲ್ಲಿ ಹಿಡಿದು ನಮ್ಮ ಬೆಂಚಿನ ಮೇಲೆ ಕುಳಿತುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ಮಾಮ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಕೊನೆಗೆ ನನ್ನನ್ನು ಹತ್ತಿರ ಕರೆದು, ಮೈಯ ಅಂಚು ಮೊದಲು ಎಲ್ಲಿತ್ತು, ಈಗ ಹೇಗೆ ಕರಗಿದೆ, ತಂದೆಯ ಕೈಯ ಗುರುತು ಎಲ್ಲಿತ್ತು ಎಂದು ಒಂದೊಂದಾಗಿ ತೋರಿಸಿದರು. ಇಲ್ಲದ್ದನ್ನು ತೋರಿಸುತ್ತಿದ್ದರು, ನನಗೆ ಎಲ್ಲ ಕಾಣುತ್ತಿತ್ತು. ಅವರು ಬಸ್ಸು ಹತ್ತುವ ಹೊತ್ತಿಗೆ ನನಗೆ ಈ ಹುಚ್ಚು ಹಿಡಿದಿತ್ತು. ಕಾಮತ್ ಮಾಮ್ ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

ಹೇಳದೆ ಹೋಗುವ ಕ್ರಮ ಶುರು ಮಾಡಿದ ಮೇಲೆ ನನ್ನ ಗೆಲುವಿನ ಕಾಲ ಬಂತು ನೋಡಿ. ಮೊದಲ ಗೆಲುವು ಕಡಬದ ಐಸಾಬಿ ಎಂಬವರ ಅಡುಗೆಮನೆಯಲ್ಲಿ. ಅವರ ಗಂಡ ಗಲ್ಫಿನ ಹಡಗುಕಟ್ಟೆಯಲ್ಲಿ ದುಡಿದು ಬಂದವರು, ತೀರಿಕೊಂಡಿದ್ದರು. ನಾನು ಬಾಗಿಲಲ್ಲಿ ನಿಂತು ವಾಚಿನ ವಿಷಯ ಎತ್ತಿದರೆ, “ಈಗ ಆಗುದಿಲ್ಲ, ಅದು ಕೆಲಸದಲ್ಲಿ ಉಂಟು” ಎಂದರು.

ಒಲೆಯ ಪಕ್ಕದ ಮೊಳೆಯಲ್ಲಿ ವಾಚು ನೇತಾಡುತ್ತಿತ್ತು. ಮಸಿ ಹಿಡಿದಿತ್ತು. ಅದರಡಿಯಲ್ಲಿ ಕುಚ್ಚಲಕ್ಕಿ ಕೊತಕೊತ ಬೇಯುತ್ತಿತ್ತು.

“ಅಕ್ಕಿ ಹಾಕುವಾಗ ಈ ಬಳೆಯನ್ನು ಮುಳ್ಳಿನ ಹತ್ರ ತಿರುಗಿಸುದು” ಎಂದು ಐಸಾಬಿ ವಿವರಿಸಿದರು. “ಮುಳ್ಳು ಇಲ್ಲಿಗೆ ಬಂದ್ರೆ ಗಂಜಿ ಆಯ್ತು. ಬೆಳಿಗ್ಗೆ ನಾಲ್ಕು ಸಲ ಅಲ್ಲಾಡಿಸಿದ್ರೆ ಮಧ್ಯಾಹ್ನದವರೆಗೆ ಓಡ್ತದೆ.”

“ಸಮುದ್ರದಡಿಯಲ್ಲಿ ಮುಳುಗುಗಾರರು ಮಾಡುದೂ ಹೀಗೇ, ಗಾಳಿ ಎಷ್ಟು ಹೊತ್ತಿಗೆ ಮುಗೀತದೆ ಅಂತ ನೋಡ್ಲಿಕ್ಕೆ” ಎಂದೆ.

“ಅಲ್ಲಿ ಅಕ್ಕಿ ಬೇಯುದಿಲ್ಲ, ಅಷ್ಟೇ ವ್ಯತ್ಯಾಸ” ಎಂದರು.

ಆ ವಾಚನ್ನು ಕೊಡಲು ಅವರು ಸುಲಭಕ್ಕೆ ಒಪ್ಪಲಿಲ್ಲ. ಗಂಡನ ನೆನಪಿಗಾಗಿ ಅಲ್ಲ, ಗಂಜಿಗಾಗಿ. ಕೊನೆಗೆ ನಾನು ಗಂಟೆ ಬಾರಿಸುವ ಅಡುಗೆ ಗಡಿಯಾರ ಒಂದನ್ನು ತಂದು ಕಲಿಸಿಕೊಟ್ಟ ಮೇಲೆ ವಾಚು ನನ್ನ ಕೈಗೆ ಬಂತು. ಹೊರಗಿನ ಮಸಿಯ ಕೆಳಗೆ ಎಲ್ಲವೂ ಮೂಲದ್ದು! ರೇಡಿಯಂ ಚುಕ್ಕಿಗಳೆಲ್ಲ ಒಂದೇ ಹದಕ್ಕೆ ಕೆನೆಬಣ್ಣಕ್ಕೆ ತಿರುಗಿದ್ದವು. ಒಲೆಯ ಹತ್ತಿರ ಇದ್ದುದರಿಂದ ನಮ್ಮ ಮಳೆಗಾಲದ ಬೂಷ್ಟು ಹತ್ತಿರ ಸುಳಿದಿರಲಿಲ್ಲ. ಕಬ್ಬಿಣದ ಕಪಾಟಿನಲ್ಲಿ ಜೋಪಾನ ಮಾಡಿದ ಎಷ್ಟೋ ವಾಚುಗಳ ಡಯಲು ಬೂಷ್ಟು ತಿಂದು ಹೋದದ್ದನ್ನು ನಾನು ನೋಡಿದ್ದೇನೆ. ಅವತ್ತು ಬಸ್ಸಿನಲ್ಲಿ ನಿಂತುಕೊಂಡೇ ಪುತ್ತೂರಿಗೆ ಬಂದೆ, ಹಾಲು ಕುಡಿದಷ್ಟು ಸಂತೋಷ. ಐಸಾಬಿ ಮಾತ್ರ ಆಮೇಲೆ ಫೋನು ಮಾಡಿ, “ನಿಮ್ಮ ಗಡಿಯಾರ ಭಾರಿ ಕೂಗ್ತದೆ ಮಾರಾಯ್ರೆ, ಅವರ ವಾಚ್ ಒಂದು ದಿನ ಕೂಗಿದ್ದಿಲ್ಲ” ಎಂದು ದೂರು ಕೊಟ್ಟರು.

ಏಮಾರಿದ್ದೂ ಇದೆ. ಈಗ ಉಜ್ಜುವವರ ಕಾಲ ಹೋಗಿ ಹಳತು ಮಾಡುವವರ ಕಾಲ ಬಂದಿದೆ. ಹಳೆಯ ಬಣ್ಣಕ್ಕೆ ಬೆಲೆ ಇದೆ ಎಂದು ತಿಳಿದ ವ್ಯಾಪಾರಿಗಳು ಹೊಸ ಡಯಲಿಗೆ ಮುಪ್ಪು ಬರಿಸುತ್ತಾರೆ. ಅಂಥ ಒಬ್ಬ ನನಗೆ ಒಂದು ವಾಚು ದಾಟಿಸಿದ. ಬಳೆಯ ಮೇಲಿನ ಚುಕ್ಕಿ ಏನು ಚೆಂದ ಕಂದು! ನಾನು ಮಸೂರ ಹಾಕಿ ನೋಡಿ, ತಲೆದೂಗಿ, ಪೇಟೆಯ ನಾಲ್ಕು ಜನರಿಗೆ ತೋರಿಸಿ ಮೆರೆದೆ. ಮೇಜಿನ ಮೇಲಿಟ್ಟು ಊಟ ಮಾಡಿ ಬಂದು ನೋಡಿದರೆ ವಾಚಿನ ಸುತ್ತ ಇರುವೆ ಸಾಲು. ಪುಣ್ಯಾತ್ಮ ಚಹಾ ಬಳಿದಿದ್ದ, ಅದೂ ಸಕ್ಕರೆ ಹಾಕಿದ್ದು! ನನ್ನ ಹೆಂಡತಿ ಇವತ್ತಿಗೂ ನಾನು ಹೊಸ ವಾಚು ತಂದರೆ, “ಇರುವೆಗೆ ತೋರಿಸಿದ್ರಾ?” ಎಂದು ಕೇಳುತ್ತಾಳೆ. ನೀವೂ ತೋರಿಸಿ, ತಪ್ಪಿಲ್ಲ. ಎಲ್ಲಾ ಚುಕ್ಕಿಯೂ ಮುಳ್ಳೂ ಒಟ್ಟಿಗೇ ಮುದಿಯಾಗಿವೆಯೇ ಎಂದೂ ನೋಡಿ. ಒಂದೇ ಮನೆಯಲ್ಲಿ ಬದುಕಿದವರಿಗೆ ಒಟ್ಟಿಗೇ ನರೆ ಬರುತ್ತದೆ.

ಇಷ್ಟೆಲ್ಲ ತಿರುಗಿದರೂ ಒಂದು ಕೊರತೆ ಉಳಿದಿತ್ತು. ನನಗೆ ಸಿಕ್ಕಿದವೆಲ್ಲ ಒಲೆಯ ಬಳಿ, ಪೆಟ್ಟಿಗೆಯಲ್ಲಿ, ದೇವರ ಕೋಣೆಯಲ್ಲಿ ಇದ್ದವು. ನಿಜವಾಗಿ ನೀರಿಗೆ ಧುಮುಕಿದ, ಯಾರೂ ಕೈಯಿಡದ ಮುಳುಗುಗಾರನ ವಾಚು ಒಂದೂ ಇರಲಿಲ್ಲ. ಮುಂಬಯಿಯವರದ್ದು ನಮ್ಮ ಚಕ್ರಕ್ಕೇ ಬಲಿಯಾಗಿತ್ತು. ಕೆಲಸ ಬಿಡುವ ಮೊದಲು ಇನ್ನೊಮ್ಮೆ ಅಂಥದ್ದನ್ನು ನೋಡಬೇಕೆಂಬ ಆಸೆ. ಅದು ನಾನು ಹುಡುಕಿ ಹೋಗುವ ಮೊದಲೇ ಅಂಗಡಿಯ ಮೆಟ್ಟಿಲು ಹತ್ತಿ ಬಂತು.

ಗುತ್ತಿಗಾರಿನ ಚಿನ್ನಪ್ಪ ಗೌಡರು ರಬ್ಬರ್ ಟ್ಯಾಪಿಂಗ್ ಮಾಡುವವರು. ಪೇಪರಿನಲ್ಲಿ ಅವರ ಹೆಸರು ಬರುವುದು ಬೇರೆ ಕಾರಣಕ್ಕೆ. ಕುಮಾರಧಾರೆಯಲ್ಲೋ ಪಯಸ್ವಿನಿಯಲ್ಲೋ ಯಾರಾದರೂ ನೀರುಪಾಲಾದರೆ ಪೊಲೀಸ್ ಜೀಪು ಬಂದು ನಿಲ್ಲುವುದು ಅವರ ಅಂಗಳದಲ್ಲಿ. ಮುಳುಗಿ ತೆಗೆಯುತ್ತಾರೆ. ಬಿಡಿಗಾಸು ಮುಟ್ಟುವುದಿಲ್ಲ. ಒಮ್ಮೆ ಗಲ್ಫಿನಿಂದ ಓಡಿಬಂದ ಒಬ್ಬರು, ತಮ್ಮ ತಂದೆಯ ದೇಹವನ್ನು ಹುಡುಕಿಕೊಟ್ಟದ್ದಕ್ಕೆ ಕೈಯಲ್ಲಿದ್ದ ವಾಚನ್ನೇ ಬಿಚ್ಚಿ ಕಟ್ಟಿದ್ದರಂತೆ. ಅಂದಿನಿಂದ ಅದನ್ನು ಕಟ್ಟದೆ ಗೌಡರು ನೀರಿಗಿಳಿದದ್ದಿಲ್ಲ.

ಅವರು ಬಂದದ್ದು ಮಗಳು ಪುಷ್ಪಳ ಮದುವೆಯ ಸೀರೆಗೆಂದು, ಹೆಂಡತಿ ಸೀತಮ್ಮನ ಜೊತೆ. ವಾಚನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು.

“ರೈಗಳೇ, ಇದನ್ನು ಹೊಸತು ಮಾಡಿ ಕೊಡ್ಬೇಕು. ಅಳಿಯನಿಗೆ ಧಾರೆಯ ದಿನ ಕೊಡ್ಲಿಕ್ಕೆ.”

ಮಸೂರ ಕಣ್ಣಿಗೆ ಸಿಕ್ಕಿಸಿದೆ. ಬೆನ್ನಿನ ತಿರುಪಿನ ಮೇಲೆ ಬಿಚ್ಚುವ ಉಪಕರಣದ ಒಂದು ಗಾಯವೂ ಇಲ್ಲ, ಅಂದರೆ ಯಾರೂ ಬಿಚ್ಚಿಲ್ಲ. ಡಯಲು, ಮುಳ್ಳು, ಗಾಜು, ಬಳೆ ಎಲ್ಲ ಹುಟ್ಟಿದ ದಿನದ್ದೇ. ಬಳೆಯ ಕಪ್ಪು ಬಣ್ಣ ನೀರಿಗೆ ಬಿಸಿಲಿಗೆ ಬೂದಿಯಾಗಿತ್ತು. ಮೈ ತುಂಬ ಗೀರು, ಆದರೂ ಅಂಚು ಕರಗದೆ ನಿಂತಿತ್ತು. ನಾನು ನೋಡಬೇಕೆಂದು ಬಯಸಿದ್ದು ಇದೇ. ಇನ್ನೊಬ್ಬರಿಗೆ ಹೇಳಲಾಗದ ಆನಂದ, ಜೊತೆಗೆ ಹೆದರಿಕೆ. ಯಾಕೆಂದರೆ ಅದನ್ನು ತಂದದ್ದು ನನ್ನ ಚಕ್ರಕ್ಕೆ.

“ಆಗುದಿಲ್ಲ ಗೌಡ್ರೆ. ಇದನ್ನು ಉಜ್ಜಿದ್ರೆ ಪಾಪ ಬರ್ತದೆ” ಎಂದೆ.

“ಎಂತ ಹೇಳುದು ನೀವು? ಪಾಲಿಶ್ ಮಾಡುದು ನಿಮ್ಮ ಕೆಲಸ ಅಲ್ವಾ?”

ನಾನು ನನ್ನ ಪಾಂಡಿತ್ಯವನ್ನೆಲ್ಲ ಹೊರಗೆ ತೆಗೆದೆ. ಅಂಚು, ಬಣ್ಣ, ಮೂಲ ಡಯಲು, ದೇಶವಿದೇಶದಲ್ಲಿ ಇಂಥದ್ದಕ್ಕೆ ಜೀವ ಬಿಡುವವರು. ಗೌಡರು ಕೋಣನ ಮುಂದೆ ಕಿನ್ನರಿ ಬಾರಿಸುವವನನ್ನು ಕೋಣ ನೋಡುವಂತೆ ಸಮಾಧಾನದಿಂದ ನನ್ನನ್ನು ನೋಡಿದರು. ಕೊನೆಗೆ ಹೇಳಿದೆ, “ಅಳಿಯನಿಗೆ ಒಳ್ಳೆ ಹೊಸ ವಾಚ್ ನಾನೇ ಕೊಡ್ತೇನೆ, ಇದು ನನಗಿರ್ಲಿ.”

“ಹೊಸತು ಯಾರು ಬೇಕಾದ್ರೂ ಕೊಡ್ತಾರೆ ರೈಗಳೇ. ನಮ್ಮ ಅಳಿಯ ಆಗುವವ ಲೈನ್‌ಮ್ಯಾನ್, ಒಳ್ಳೆ ಈಜುಗಾರ. ಈಗ ನನ್ನೊಟ್ಟಿಗೆ ಹೊಳೆಗೂ ಬರ್ತಾನೆ. ನನಗೆ ಇನ್ನೆಷ್ಟು ದಿನ ಮುಳುಗ್ಲಿಕ್ಕೆ ಆಗ್ತದೆ? ಇದು ಅವನ ಕೈಗೇ ಹೋಗ್ಬೇಕು.”

“ಹಾಗಾದ್ರೆ ಹೀಗೇ ಕೊಡಿ!”

ಗೌಡರು ಹೆಂಡತಿಯ ಮುಖ ನೋಡಿದರು. ಸೀತಮ್ಮ, “ಹಾಗೆ ಆಗುದಿಲ್ಲ ಅಣ್ಣ” ಎಂದರು. ಆಮೇಲೆ ಗೌಡರನ್ನು ಸೀರೆಯ ಗಂಟು ಹಿಡಿದುಕೊಂಡು ರಿಕ್ಷಾ ವಿಚಾರಿಸಿ ಬರಲು ಕಳಿಸಿ, ಧ್ವನಿ ತಗ್ಗಿಸಿದರು.

“ಅದು ಹೆಣ ಮುಟ್ಟಿದ ವಾಚ್ ಅಣ್ಣ. ಇವರು ಹೊಳೆಯಿಂದ ಬಂದ್ರೆ ಅಂಗಳದಲ್ಲೇ ಮೀಯುದು, ಬಟ್ಟೆ ಹೊರಗೇ. ವಾಚನ್ನು ನಾನು ಇಷ್ಟು ವರ್ಷ ಒಳಗೆ ತರ್ಲಿಕ್ಕೆ ಬಿಟ್ಟದ್ದಿಲ್ಲ, ಜಗಲಿಯ ಹೊರಗೆ ಇರುದು. ಈಗ ಮಗಳ ಧಾರೆಯ ಹರಿವಾಣದಲ್ಲಿ ಹಾಗೇ ಇಡುದಾ? ಅಳಿಯನ ಕೈಗೆ ಕಟ್ಟುದಾ? ಚಕ್ರಕ್ಕೆ ಹಿಡಿದು ಆ ಮೈಲಿಗೆಯನ್ನು ಪೂರಾ ತೆಗ್ದು ಕೊಡಿ.”

ಲಲಿತಕ್ಕನ ಹುಣಸೆಹುಳಿಗೆ ನಾನು ನಕ್ಕಿದ್ದೆ. ಇದಕ್ಕೆ ನಗುವ ಧೈರ್ಯ ಬರಲಿಲ್ಲ. ಒಬ್ಬ ತಾಯಿ ಮಗಳ ತಾಳಿಭಾಗ್ಯಕ್ಕೆ ಹೆದರಿ ಕೈಮುಗಿದು ನಿಂತರೆ, ಕರಗದ ಅಂಚಿನ ಚೆಂದವನ್ನು ಯಾವ ಬಾಯಿಂದ ಹೇಳುವುದು? ಗೌಡರು ತಿರುಗಿ ಬರುವಷ್ಟರಲ್ಲಿ ನಾನು ಸೋತಿದ್ದೆ. ಗಿರಾಕಿಯ ವಸ್ತು, ಗಿರಾಕಿಯ ಮಾತು. “ಆಯ್ತು, ಮಾಡ್ತೇನೆ” ಎಂದು ಮೋಟಾರಿನ ಸ್ವಿಚ್ಚು ಒತ್ತಿದೆ. ಚಕ್ರ ಗುಂಯ್ ಎಂದು ತಿರುಗತೊಡಗಿತು.

ಚಕ್ರಕ್ಕೆ ಹಿಡಿಯುವ ಮೊದಲು ನಮ್ಮ ಅಂಗಡಿಯದೊಂದು ಕ್ರಮ. ಮುಂಬಯಿಯವರು ಬಂದುಹೋದ ನಂತರ ಕಾಮತ್ ಮಾಮ್ ಮಾಡಿದ ಕಾನೂನು ಅದು. ಯಾವ ಯಾವ ಗೀರು ತೆಗೆಯಬೇಕೆಂದು ಗಿರಾಕಿ ತನ್ನ ಬೆರಳಿನಿಂದಲೇ ಮುಟ್ಟಿ ತೋರಿಸಬೇಕು. ಗಾಜಿನ ಮೇಲೆ ಬರೆಯುವ ಕೆಂಪು ಪೆನ್ಸಿಲಿನಿಂದ ನಾವು ಅಲ್ಲಲ್ಲಿ ಗುರುತು ಹಾಕಬೇಕು. ಆಮೇಲೆ ತಕರಾರು ಬರಬಾರದಲ್ಲ. ಅಭ್ಯಾಸಬಲದಿಂದ ಪೆನ್ಸಿಲು ತೆಗೆದು, “ತೋರಿಸಿ ಗೌಡ್ರೆ” ಎಂದೆ.

“ಇದು ಪಯಸ್ವಿನಿಯಲ್ಲಿ ಬಂಡೆಗೆ ತಾಗಿದ್ದು” ಎಂದು ಗೌಡರು ಬದಿಯ ಒಂದು ಗೀರು ಮುಟ್ಟಿದರು.

“ಯಾರನ್ನು ಹುಡುಕ್ಲಿಕ್ಕೆ ಹೋದದ್ದು ಅವತ್ತು?” ಎಂದು ಕೇಳಿದ್ದು ನಾನಲ್ಲ, ಸೀತಮ್ಮ.

ಗೌಡರು ಗೀರಿನಿಂದ ಬೆರಳು ತೆಗೆದರು. ಹೊಳೆಯ ಮಾತು ಅವರ ಮನೆಯಲ್ಲಿ ಇರಲಿಲ್ಲ ಎಂದು ಆಗ ನನಗೆ ಅರ್ಥವಾಯಿತು.

“ಹೇಳಿ. ಹೇಗೂ ಇವತ್ತು ಹೋಗುದಲ್ವಾ ಅದು” ಎಂದರು ಸೀತಮ್ಮ.

“ಒಬ್ಬ ಕಾಲೇಜು ಹುಡುಗ. ಸಿಗುವಾಗ ಜೀವ ಹೋಗಿ ಆಗಿತ್ತು.”

ಕೆಂಪು ಗುರುತು ಹಾಕಿದೆ. ಮುಂದಿನದೂ ಸತ್ತವರದೇ, ಬೇರಿನ ಎಡೆಯಲ್ಲಿ ಸಿಕ್ಕಿದ ಒಬ್ಬ ಮುದುಕ. ಸೀತಮ್ಮ ಸೆರಗು ಬಾಯಿಗೆ ಹಿಡಿದರು. ಮೂರನೆಯದು ಬಳೆಯ ಮೇಲೆ ಅಡ್ಡಕ್ಕೆ ಬಿದ್ದ ಆಳವಾದ ಗೀರು. ಅದನ್ನು ಮುಟ್ಟಿದ ಗೌಡರು ನಕ್ಕೇಬಿಟ್ಟರು.

“ಇದು ಒಂದು ಹೆಣ್ಣುಮಗು ಮಾಡಿದ್ದು. ಕೈಯಲ್ಲಿ ಉಕ್ಕಿನ ಬಳೆ ಇತ್ತು. ನನ್ನ ಕೈಯನ್ನು ಹಿಡಿದದ್ದು, ಬಿಡುವ ಮಾತೇ ಇಲ್ಲ. ದಡಕ್ಕೆ ಬಂದ ಮೇಲೂ ಬಿಡ್ಲಿಲ್ಲ!”

“ಬದುಕಿತಾ?”

“ಬದುಕಿತು ಮಾರಾಯ್ತಿ! ಈಗ ಸುಳ್ಯದಲ್ಲಿ ಟೀಚರ್. ಮೊನ್ನೆ ಮದುವೆ ಕಾಗದ ಕೊಡ್ಲಿಕ್ಕೆ ನಾವು ಹೋದದ್ದಲ್ವಾ ಅವಳ ಮನೆಗೆ?”

“ಆ ಟೀಚರಾ! ಪುಷ್ಪನಿಗೆ ಪಾಠ ಮಾಡಿದವಳು, ಅದಕ್ಕೆ ಕರೆಯುದು ಅಂತ ನಾನು ಗ್ರಹಿಸಿದ್ದು.”

“ಇದು?” ಎಂದೆ ನಾನು, ಗಾಜಿನ ಅಂಚಿನಲ್ಲಿ ಚಿಪ್ಪು ಹಾರಿದ ಜಾಗ ತೋರಿಸಿ.

“ಅದು ಅಣ್ಣ ತಮ್ಮ ಇಬ್ಬರು ಮಕ್ಕಳು. ಬಿದ್ದು ಎಷ್ಟು ಹೊತ್ತಾಯ್ತು ಅಂತ ಕೇಳಿ ಈ ಬಳೆ ತಿರುಗಿಸಿ ಇಟ್ಟೇ ನಾನು ಇಳಿಯುದು. ಅವತ್ತು ಮುಳ್ಳು ಸ್ವಲ್ಪವೇ ಹೋಗಿತ್ತು. ಹಾಗಾದ್ರೆ ಜೀವ ಉಂಟು ಅಂತ ಧೈರ್ಯ ಮಾಡಿ ಎರಡು ಕೈಯಲ್ಲೂ ಒಟ್ಟಿಗೇ ಎತ್ತಿದೆ.”

“ಇಬ್ಬರೂ?”

“ಇಬ್ಬರೂ.”

ಸೀತಮ್ಮ ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತರು. “ಒಂದು ದಿನ ಹೇಳಿದ್ದಿಲ್ಲ ನೀವು.”

“ಹೊಳೆಯ ಸುದ್ದಿ ಹೊಸ್ತಿಲು ದಾಟ್ಬಾರ್ದು ಅಂತ ಹೇಳಿದ್ದು ನೀನೇ ಅಲ್ವಾ” ಎಂದರು ಗೌಡರು, ಮೆಲ್ಲಗೆ.

ವಾಚಿನ ಮೈ ತುಂಬ ಕೆಂಪು ಗುರುತು. ಚಕ್ರ ತಿರುಗುತ್ತಲೇ ಇತ್ತು. ಸೀತಮ್ಮ ಅದನ್ನು ನೋಡಿದರು, ವಾಚನ್ನು ನೋಡಿದರು.

“ಅಣ್ಣ, ಅದಕ್ಕೆ ಹಿಡಿದ್ರೆ ಇದೆಲ್ಲ ಹೋಗ್ತದಾ?”

“ಹೋಗ್ತದೆ ಅಕ್ಕ.”

“ಸತ್ತವರದ್ದೂ, ಬದುಕಿದವರದ್ದೂ?”

“ಚಕ್ರಕ್ಕೆ ಅದೆಲ್ಲ ಗೊತ್ತಾಗುದಿಲ್ಲ.”

“ನಿಲ್ಲಿಸಿ ಅದನ್ನು” ಎಂದರು. ನಿಲ್ಲಿಸಿದೆ. ಸೀತಮ್ಮ ಇಷ್ಟು ವರ್ಷ ಮನೆಯೊಳಗೆ ಬಿಡದ ವಾಚನ್ನು ತಮ್ಮ ಅಂಗೈಗೆ ತೆಗೆದುಕೊಂಡರು. “ಸತ್ತವರ ಮೈಲಿಗೆಯನ್ನು ಹೊಳೆಯೇ ತೊಳೆದಿದೆ. ಕುಮಾರಧಾರೆ ತೊಳೆದದ್ದಕ್ಕಿಂತ ಹೆಚ್ಚು ನಾವು ಎಂತ ತೊಳೆಯುದು? ಬದುಕಿದವರನ್ನು ನಾವ್ಯಾಕೆ ಉಜ್ಜಿ ತೆಗಿಬೇಕು? ಹೀಗೇ ಕೊಡುವ.”

ಹೇಳಿದವರೇ ಸೆರಗಿನ ತುದಿಯಿಂದ ಕೆಂಪು ಗುರುತನ್ನು ತಿಕ್ಕಿ ಒರೆಸಲು ಹೊರಟರು. “ಉಜ್ಜಬೇಡಿ ಮಾರಾಯ್ರೆ!” ಎಂದು ನಾನು ಕೂಗಿದ ಕೂಗಿಗೆ ಎದುರಿನ ಜವಳಿ ಅಂಗಡಿಯವರು ಹೊರಗೆ ಬಂದರು. ಮೂವರೂ ನಕ್ಕೆವು. ನಾನೇ ಹತ್ತಿ ಒದ್ದೆ ಮಾಡಿ ಗುರುತುಗಳನ್ನು ಎತ್ತಿದೆ. ಒಳಗೆ ನೀರು ಹೋಗದಂತೆ ಹಳೆಯ ರಬ್ಬರ್ ರಿಂಗನ್ನು ಬದಲಿಸಿದೆ, ಎಣ್ಣೆ ಹಾಕಿದೆ. ಆ ವಾಚಿಗೆ ನಾನು ಮಾಡಿದ ಕೆಲಸ ಅಷ್ಟೇ. ನನ್ನ ಸಂಗ್ರಹಕ್ಕೆ ಅದು ಬರಲಿಲ್ಲ, ಬರುವುದೂ ಇಲ್ಲ. ಆದರೆ ಈ ಮೂರು ತಾಲೂಕಿನಲ್ಲಿ ನಾನು ಕಂಡ ಎಲ್ಲ ವಾಚುಗಳಿಗಿಂತ ಹೆಚ್ಚಿನದು ನನ್ನ ಅಂಗಡಿಯಿಂದ ಬಂದ ಹಾಗೆಯೇ ಹೊರಗೆ ಹೋಯಿತು. ಇದಕ್ಕಿಂತ ದೊಡ್ಡ ಗೆಲುವು ನನ್ನ ಕೆಲಸದಲ್ಲಿ ಇನ್ನೊಂದಿಲ್ಲ.

ಮದುವೆಗೆ ಹೋಗಿದ್ದೆ. ಹರಿವಾಣದಲ್ಲಿ ತೆಂಗಿನಕಾಯಿ, ವೀಳ್ಯದೆಲೆಯ ಪಕ್ಕದಲ್ಲಿ ವಾಚನ್ನಿಟ್ಟು ಹಿಡಿದುಕೊಂಡು ಬಂದದ್ದು ಸೀತಮ್ಮನೇ. ಗಂಡಿನ ಕಡೆಯ ಒಬ್ಬ ಹಿರಿಯರು ಬಗ್ಗಿ ನೋಡಿ, “ಇದೆಂತ, ಹಳತಾ?” ಎಂದರು. ಸೀತಮ್ಮ ಮೊದಲ ಸಾಲಿನಲ್ಲಿದ್ದ ಟೀಚರನ್ನು ಕೈ ಮಾಡಿ ಕರೆದು, “ಇವಳಷ್ಟು ಹಳತು” ಎಂದರು. ಆಕೆ ಬಂದು ಬಳೆಯ ಮೇಲಿನ ತನ್ನ ಗೀರಿನ ಮೇಲೆ ಬೆರಳಿಟ್ಟು ನಿಂತಳು. ಅಳಿಯ ಎಡಗೈ ಮುಂದೆ ಚಾಚಿದ. ನಾನು ಅವತ್ತು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಈ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮನೆಯಲ್ಲಿ ಕುಳಿತಿದ್ದೆ. ಗೌಡರ ಫೋನು. ಅತ್ತ ಕಡೆ ಹೊಳೆಯ ಸದ್ದು, ಜನರ ಗದ್ದಲ. ಅದರ ನಡುವೆ ಅವರು ಕೂಗಿ ಹೇಳುತ್ತಿದ್ದರು.

“ರೈಗಳೇ! ವಾಚಿಗೆ ಒಂದು ಹೊಸ ಗೀರು ಬಿತ್ತು!”

ನನಗೆ ಕೇಳಲು ಭಯವಾಯಿತು. ಆದರೂ ಕೇಳಿದೆ, “ಯಾರದ್ದು ಗೌಡ್ರೆ?”

“ಒಂದು ಸಣ್ಣ ಮಗು. ಅಳಿಯ ಇಳಿದದ್ದು, ನಾನು ದಡದಲ್ಲಿ ನಿಂತದ್ದು. ಬದುಕಿತು ಮಾರಾಯ್ರೆ! ಇಗೊಳ್ಳಿ, ಅಳುದು ಕೇಳಿ!” ಎಂದು ಅವರು ಫೋನನ್ನು ಆ ಮಗುವಿನ ಬಾಯಿಯ ಹತ್ತಿರ ಹಿಡಿದರು.